ಕಾಲುಸಂಕಕ್ಕೆ ಕತ್ತರಿ ಬೇಡ, ಸ್ವಾಮಿ

ಮಾನ್ಯ ಶಾಸಕರೇ,

ಶಿರಸಿ ಸೀಮೆಯ ನಮ್ಮ ಹಳ್ಳ ದಾಟುವ ಕಾಲುಸಂಕಕ್ಕೆ, ಅಂದರೆ ನಡೆದು ಹೋಗುವ ಕಿರುಸೇತುವೆಗೆ, ಸ್ಲ್ಯಾಬ್ ಬಿದ್ದದ್ದು ಫೆಬ್ರವರಿ ಕೊನೆಯಲ್ಲಿ. ಗಟ್ಟಿಯಾಗಲು ಕಾಂಕ್ರೀಟ್ ಕೇಳುವುದು 28 ದಿನ. ಮಿಕ್ಕ ಎರಡು ತಿಂಗಳು ಕಾದಿದ್ದು ಉದ್ಘಾಟನೆಗೆ ತಾವು ಕೊಡಬೇಕಾದ ಡೇಟಿಗೆ. ಎರಡೂ ತುದಿಗೆ ಬೊಂಬು ಅಡ್ಡ ಕಟ್ಟಿದ್ದಾರೆ. ಶಾಲೆ ಶುರುವಾಗಿದೆ, ಮಕ್ಕಳು ಪಕ್ಕದ ಅಡಿಕೆಮರದ ಸಂಕ ದಾಟುತ್ತಿದ್ದಾರೆ.

ಆ ಸಂಕದ ಹಣೆಬರಹ ತಮಗೆ ಗೊತ್ತಿಲ್ಲದ್ದಲ್ಲ. ಮೂರು ಮರ ಜೋಡಿಸಿ ಬಿಗಿದು, ಹಿಡಿಯಲು ಒಂದು ಬಿದಿರು. ಹೊರಗೆ ಗಟ್ಟಿ, ಒಳಗಿನ ತಿರುಳು ಕೊಳೆತಿದ್ದು ಕಾಣುವುದಿಲ್ಲ. ಆರಿದ್ರೆ ಮಳೆಗೆ ಹಾವಸೆ, ಅಂದರೆ ಪಾಚಿ, ಹಿಡಿದರೆ ಕಾಲು ನಿಲ್ಲದು. ಅದಕ್ಕೇ ಪ್ರತಿ ವರ್ಷ ಮೃಗಶಿರಕ್ಕೆ ಮುಂಚೆ ಹೊಸ ಮರ ಹಾಕುವುದು. ಈ ವರ್ಷ ಹಾಕಲಿಲ್ಲ. ಸಿಮೆಂಟಿನದು ಬಂತಲ್ಲ ಎಂದು ನಂಬಿದೆವು, ನಮ್ಮದೇ ತಪ್ಪು!

ಸ್ಲ್ಯಾಬ್ ಹಾಕುವಾಗ ಆಸರೆಗೆ ಕೊಟ್ಟ ಸೆಂಟ್ರಿಂಗ್ ಕಂಬಗಳು ಇನ್ನೂ ಸ್ಲ್ಯಾಬಿನ ಅಡಿಯಲ್ಲೇ ಇವೆ. ಹಳ್ಳ ಬಂದಾಗ ದಿಮ್ಮಿ, ಕಸಕಡ್ಡಿ ಅಲ್ಲಿ ಸಿಕ್ಕಿ ಕಟ್ಟೆಯಾಗುತ್ತದೆ; ನೀರು ಬದಿಯ ಮಣ್ಣು ಕೊರೆದು ದಾರಿ ಮಾಡಿಕೊಳ್ಳುತ್ತದೆ. ಅಪ್ರೋಚಿಗೆ, ಅಂದರೆ ಸಂಕಕ್ಕೆ ಹತ್ತುವ ದಾರಿಗೆ, ಮಣ್ಣನ್ನು ಅರ್ಧ ಅಡಿಯ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಬಡಿದು ಗಟ್ಟಿಯಾಗಿ ದಮ್ಮಸು ಮಾಡಬೇಕು. ಸಮಾರಂಭದ ಹಿಂದಿನ ದಿನ ಟಿಪ್ಪರಿನಲ್ಲಿ ಸುರಿದ ಮಣ್ಣು ಮೊದಲ ಮಳೆಗೇ ಹೊಳೆ ಸೇರುತ್ತದೆ, ಸಂಕ ನಡುಗಡ್ಡೆಯಾಗಿ ನಿಲ್ಲುತ್ತದೆ.

ಇಂಜಿನಿಯರನ್ನು ಕೇಳಿದರೆ ಶಿಷ್ಟಾಚಾರ ಅನ್ನುತ್ತಾರೆ. ತಮ್ಮನ್ನು ಕರೆಯದೆ ಬಿಟ್ಟುಕೊಟ್ಟರೆ, ಶಾಸಕರ ಹಕ್ಕಿಗೆ ಧಕ್ಕೆ ತಂದ ಹಕ್ಕುಚ್ಯುತಿಯ ದೂರು ಬಂದೀತೆಂಬ ಭಯ. ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಎನ್ನುವುದೂ ಇತ್ಯರ್ಥವಾಗಿಲ್ಲವಂತೆ. ಕಳೆದ ವಾರ ಜೆಸಿಬಿ ಬಂತು. ಅಪ್ರೋಚಿಗೆ ಎಂದುಕೊಂಡೆವು. ಅಲ್ಲ, ತಮ್ಮ ಕಾರುಗಳು ತಿರುಗಲು ಬೇಣದ ಹುಲ್ಲುನೆಲ ಸಪಾಟು ಮಾಡಲಿಕ್ಕೆ. ಕಾಲುಸಂಕ, ಸ್ವಾಮಿ! ಅದಕ್ಕೆ ಕಾರು ಹತ್ತುವುದಿಲ್ಲ.

ಆಡಂಬರ ಬಿಡುವುದು ಹೊಸತೇನಲ್ಲ. 2017ರ ಮೇ 1ಕ್ಕೆ ಅಧಿಕಾರಸ್ಥರ ಕಾರಿನ ಕೆಂಪು ದೀಪ ಹೋಯಿತು. 2021ರ ಆಗಸ್ಟಿನಲ್ಲಿ ಹಾರ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಸರ್ಕಾರವೇ ಸುತ್ತೋಲೆ ಹೊರಡಿಸಿತು. ತಮಗೆ ತಿಳಿದೇ ಇದೆ. ಇದೇ ಉತ್ತರ ಕನ್ನಡ ಜಿಲ್ಲೆ 1967ರಲ್ಲಿ ಲೋಕಸಭೆಗೆ ಕಳಿಸಿದ ದಿನಕರ ದೇಸಾಯಿಯವರ ಹೆಸರು ಉಳಿದದ್ದು ಅವರ ಟ್ರಸ್ಟಿನ ಶಾಲೆಗಳಲ್ಲಿ ಓದಿದವರ ಬಾಯಲ್ಲಿ. ತಾವೂ ಗೂಡಂಗಡಿಯಲ್ಲಿ ಚಾ ಕುಡಿದ ಫೋಟೊ ನೋಡಿದ್ದೇವೆ. ಆ ಸರಳತೆ ಒಂದಿಷ್ಟು ಕಡತಕ್ಕೂ ಇಳಿಯಲಿ.

ಉದ್ಘಾಟನೆ ಬೇಡ. ಕಂಬ ತೆಗೆಸಿ, ಮಣ್ಣು ದಮ್ಮಸು ಮಾಡಿಸಿ, ಸಂಕ ಬಿಟ್ಟುಕೊಡಿ. ಕಲ್ಲು ಬೇಕೇ ಬೇಕಿದ್ದರೆ ದೀಪಾವಳಿ ಕಳೆದ ಮೇಲೆ ಬಂದು ನೆಡಿ, ಯಾರೂ ಬೇಡವೆನ್ನುವುದಿಲ್ಲ. ಮತ್ತೆ ಹೇಳುತ್ತೇವೆ, ಉದ್ಘಾಟನೆ ಬೇಡ. ಬೊಂಬಿಗೆ ಬಿಗಿದದ್ದು ಸಾದಾ ಸುತಲಿ ಹಗ್ಗ. ಬಿಚ್ಚಲು ತಮ್ಮದೊಂದು ಫೋನ್ ಸಾಕು.

ಇತಿ,
ಹಳ್ಳದಾಚೆಯ ಏಳು ಮನೆಯವರು