ಎರಡು ಸೇತುವೆ ದಾಟಿ ಬಾ

ಪ್ರೀತಿಯ ಪುಟ್ಟೀ,

ಕುದುರೆಮುಖ ಹತ್ತುತ್ತೇನೆ, ಅರಣ್ಯ ಇಲಾಖೆಯ ಪರ್ಮಿಷನ್ನೂ ಸಿಕ್ಕಿತು ಅಂತ ನೀನು ಹೇಳಿದಾಗ ನಾನು ಬರೀ 'ಆಯ್ತು' ಅಂದೆ. ಮಗಳು ಬರ್ತಾಳೆ ಅಂದ್ರೆ ಖುಷಿ ಇಲ್ವಾ ಅಂತ ಅಮ್ಮ ಆಮೇಲೆ ಬೈದಳು. ಖುಷಿ ಇದೆ ಮಾರಾಯ್ತಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರು–ತಾಳಗುಪ್ಪ ರಾತ್ರಿ ರೈಲು ಮೆಜೆಸ್ಟಿಕ್‌ನಲ್ಲಿ ಹತ್ತು. ಅರಸೀಕೆರೆ, ಕಡೂರು, ಬೀರೂರು ಎಲ್ಲ ನಿದ್ದೆಯಲ್ಲೇ ಹೋಗಲಿ. ತರೀಕೆರೆ ದಾಟಿದ ಮೇಲೆ ಎದ್ದು ಕಿಟಕಿ ಪಕ್ಕ ಕೂರು. ಭದ್ರಾವತಿಯಲ್ಲಿ ಭದ್ರೆಯ ಸೇತುವೆ ಬರುತ್ತದೆ. ಶಿವಮೊಗ್ಗ ಟೌನ್ ಸ್ಟೇಷನ್ನಿಗೆ ಮುಂಚೆ ತುಂಗೆಯದು. ಕತ್ತಲಲ್ಲಿ ನೀರು ಕಾಣುವುದಿಲ್ಲ. ಚಕ್ರದ ಸದ್ದು ಬದಲಾಗುತ್ತದೆ, ಅದೇ ಗುರುತು.

ಈ ಎರಡೂ ಹೊಳೆ ಹುಟ್ಟುವುದು ನೀನು ಹೊರಟಿರುವ ಕಾಡಿನಲ್ಲೇ, ಗಂಗಾಮೂಲದಲ್ಲಿ. ನೇತ್ರಾವತಿಯೂ ಅಲ್ಲೇ, ಅವಳು ಮಾತ್ರ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಾಳೆ. ಕುದುರೆಮುಖದ ಗಣಿಯಲ್ಲಿ ನಾವು ಅಗೆದ ಕಬ್ಬಿಣದ ಅದಿರೂ ಅದೇ ದಿಕ್ಕಿಗೆ ಹೋಗುತ್ತಿತ್ತು. ಪುಡಿ ಮಾಡಿ, ನೀರು ಬೆರೆಸಿ, 67 ಕಿ.ಮೀ. ಪೈಪಿನಲ್ಲಿ ಬಂದರಿಗೆ. ನೀನು ಹುಟ್ಟಿದಾಗ ನಾನು ಆ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದೆ. ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಹೊಯ್ಯುವ ಜಾಗ ಅದು. ಅಲ್ಲಿ ಬೆಟ್ಟದ ಚರ್ಮ ಸುಲಿದರೆ ಮಣ್ಣೆಲ್ಲ ಹೊಳೆಗೇ ಅಲ್ವಾ? ಮಳೆಗಾಲ ಬಂತೆಂದರೆ ಭದ್ರೆ ಕೆಂಪು. ಒಂದು ಸಲ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸಿದೆ. ನೀನು 'ಅಪ್ಪಾ, ಚಾ' ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸುತ್ತಲಿನ ಸುಮಾರು 600 ಚದರ ಕಿ.ಮೀ. ಕಾಡನ್ನು 1987ರಲ್ಲೇ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದ್ದರು. ಗಣಿ ನಿಂತದ್ದು ಸುಪ್ರೀಂ ಕೋರ್ಟ್ ಆದೇಶದ ಮೇಲೆ, 2005ರ ಕೊನೆಗೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಅನ್ನ ಹೋಯಿತಲ್ಲ! ಸಿಂಗಳೀಕಕ್ಕೆ ಇರುವ ಬೆಲೆ ನಮಗಿಲ್ವಾ ಅಂತ ಕೂಗಾಡಿದ್ದೆ. ಲಾರಿಗೆ ಸಾಮಾನು ಹೇರಿ ಶಿವಮೊಗ್ಗಕ್ಕೆ ಬಂದೆವು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮದುವೆಗೆ ಕಳಸಕ್ಕೆ ಹೋದಾಗಲೂ ಊಟ ಮುಗಿಸಿ ಹಾಗೇ ವಾಪಸ್ಸು.

ಈ ಸಲ ನಾನೂ ಬರುತ್ತೇನೆ. ತೀರ್ಥಹಳ್ಳಿ, ಶೃಂಗೇರಿ, ಕೆರೆಕಟ್ಟೆ ಮೇಲೆ ಕಾರಿನಲ್ಲಿ ಹೋಗೋಣ. ಬೆಟ್ಟ ಹತ್ತುವುದಿಲ್ಲ, ಮೊಣಕಾಲು ಮಾತು ಕೇಳಲ್ಲ. ನೀನೂ ನಿನ್ನ ಗೆಳತಿಯರೂ ಮುಳ್ಳೋಡಿಯಿಂದ ಬೆಳಿಗ್ಗೆ ಬೇಗ ಹೊರಡಿ. ರಾತ್ರಿ ಮೇಲೆ ಉಳಿಯಲು ಬಿಡುವುದಿಲ್ಲ, ಅದೇ ದಿನ ಇಳಿಯಬೇಕು. ಮೇಲೆ ಹೋದಂತೆ ಬರೀ ಹುಲ್ಲು, ಕಣಿವೆ ಸಂದಿಯಲ್ಲಿ ಮಾತ್ರ ಶೋಲಾ ಕಾಡು. ಅದರೊಳಗೆ ಸದ್ದು ಮಾಡದೆ ಸ್ವಲ್ಪ ನಿಲ್ಲು, ನೀರು ಜಿನುಗುವುದು ಕೇಳುತ್ತದೆ. ಉದ್ದದ ಕಾಲುಚೀಲ ತಾ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಇಂಬಳ, ಅದೇ ರಕ್ತ ಹೀರುವ ಜಿಗಣೆ, ಜಾಸ್ತಿ. ಹೊಗೆಸೊಪ್ಪು, ಸುಣ್ಣ ನಾನೇ ಬಟ್ಟೆಯಲ್ಲಿ ಕಟ್ಟಿಕೊಡುತ್ತೇನೆ. ಸುಮ್ನೆ ಸ್ಪ್ರೇಗೆ ದುಡ್ಡು ಹಾಕಬೇಡ.

ನೀವು ಇಳಿದು ಬರುವವರೆಗೆ ನಾನು ಭದ್ರೆಯ ದಡದಲ್ಲಿ ಕೂತಿರುತ್ತೇನೆ. ನೀರು ಈಗ ಯಾವ ಬಣ್ಣ ಅಂತ ನೋಡಬೇಕು.

ಭದ್ರಾವತಿ ದಾಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು, ಸ್ಟೇಷನ್ನಿಗೆ ಬರುತ್ತೇನೆ.

ನಿನ್ನ
ಅಪ್ಪ