ಹಾರೆ ಈಗ ಕೊಡುವುದಿಲ್ಲ

ಚಿರಂಜೀವಿ ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಸಿಡ್ನಿಯ ಟೂಂಗ್ಯಾಬಿಯಲ್ಲಿ ಮನೆ ತಗೊಂಡೆ ಅಂತ ನಿನ್ನ ದೊಡ್ಡಮ್ಮ ತಿಪಟೂರಿನಿಂದ ಮೆಲ್ಬರ್ನ್‌ವರೆಗೆ ಎಲ್ಲರಿಗೂ ಫೋನ್ ಮಾಡಿ ಹೇಳಿ ಆಯಿತು. ನನಗೂ ಖುಷಿ. ಆದರೆ ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜ್ ಓದಿದ ಮೇಲೆ ನಿದ್ದೆ ಬರಲಿಲ್ಲ. "ಭಾನುವಾರ ನಾಲ್ಕು ಜನ ಫ್ರೆಂಡ್ಸ್ ಬರ್ತಾರೆ, ಹಳೇ ಬಾತ್ರೂಮ್ ಒಡೆದು ಹಾಕ್ತೀವಿ, ನಿಮ್ಮ ಹಾರೆ ಸುತ್ತಿಗೆ ಬೇಕು." ಹಾರೆ ಕೊಡುವುದಿಲ್ಲ ಕಣೋ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಾನು ರೇಗುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮನೆ 60ರ ದಶಕದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಿಡ್ನಿಯ ಪಶ್ಚಿಮದಲ್ಲಿ ಎದ್ದ ಮನೆಗಳಲ್ಲಿ ಎಷ್ಟೋ ಫೈಬ್ರೋ ಮನೆಗಳೇ. ಕಡಿಮೆ ದುಡ್ಡು, ಬೇಗ ಕಟ್ಟಬಹುದಿತ್ತು. ಫೈಬ್ರೋ ಅಂದರೆ ಬೇರೇನಲ್ಲ, ಸಿಮೆಂಟಿಗೆ ಅಸ್ಬೆಸ್ಟಾಸ್ ಕಲಸಿ ಮಾಡಿದ ಶೀಟ್. ನಮ್ಮ ಭಾಷೆಯಲ್ಲಿ ಅದಕ್ಕೆ ಕಲ್ನಾರು ಅಂತಾರೆ, ಆ ಹೆಸರಿನಲ್ಲೇ ಎಲ್ಲ ಇದೆ. ನಾರಿನ ಹಾಗೆ ಎಳೆ ಎಳೆಯಾಗಿ ಸೀಳುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣಗಾಗುತ್ತದೆ, ಉಸಿರಿನ ಜೊತೆ ಒಳಗೆ ಹೋದರೆ ಕಲ್ಲಿನ ಹಾಗೆ ಅಲ್ಲೇ ಕೂತುಬಿಡುತ್ತದೆ. ಈ ದೇಶದಲ್ಲಿ ಅದನ್ನು ಪೂರ್ತಿ ನಿಷೇಧ ಮಾಡಿದ್ದು 2003ರ ಡಿಸೆಂಬರ್ 31ಕ್ಕೆ. 1990ಕ್ಕೆ ಮುಂಚಿನ ಮನೆ ಅಂದರೆ ಇದ್ದೇ ಇದೆ ಅಂತಲೇ ತಿಳಿದು ಕೈ ಹಾಕಬೇಕು.

ನೀನು ಏನು ಹೇಳುತ್ತೀಯ ಅಂತ ಗೊತ್ತು. ಊರಿನ ಕೊಟ್ಟಿಗೆಗೆ ಅದೇ ಶೀಟ್ ಇತ್ತಲ್ವಾ, ಅದರ ಕೆಳಗೇ ಆಡಿ ಬೆಳೆದೆವು, ಏನಾಯ್ತು? ನಾನೂ ಹಾಗೇ ಅಂದುಕೊಂಡಿದ್ದೆ. ಶೀಟ್ ಸುಮ್ನೆ ಮೇಲಿದ್ದಾಗ ಅಷ್ಟೇನೂ ತೊಂದರೆ ಇಲ್ಲ. ಅದನ್ನು ಕೊರೆದಾಗ, ಗರಗಸ ಹಾಕಿದಾಗ, ಸುತ್ತಿಗೆಯಲ್ಲಿ ಬಡಿದಾಗ ಧೂಳು ಏಳುತ್ತದೆ. ಇನ್ನೊಂದು, ಮೆಸೊಥೆಲಿಯೋಮಾ ಅನ್ನುವ ಆ ಕ್ಯಾನ್ಸರ್ ಧೂಳು ಕುಡಿದ ಮರುದಿನ ಬರುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕು. ಊರಿನಲ್ಲಿ ಶೀಟ್ ಕೊರೆದು ಬೋಲ್ಟ್ ಹಾಕುತ್ತಿದ್ದವರು ಆಮೇಲೆ ಏನಾದರು ಅಂತ ಯಾರು ಲೆಕ್ಕ ಇಟ್ಟಿದ್ದಾರೆ?

ಬರ್ನೀ ಬ್ಯಾಂಟನ್ ಅಂತ ಒಬ್ಬರಿದ್ದರು. ನಿನ್ನ ಮನೆಗೆ ಹತ್ತಿರದ ಪ್ಯಾರಮ್ಯಾಟಾ ಪಕ್ಕದ ಕಮೀಲಿಯಾದಲ್ಲಿ ಅಸ್ಬೆಸ್ಟಾಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡೇ ಕಾರ್ಮಿಕರ ಪರಿಹಾರಕ್ಕೆ ಹೋರಾಡಿದರು. 2007ರ ನವೆಂಬರಿನಲ್ಲಿ ತೀರಿಕೊಂಡರು. ಆಗ ಟೀವಿ ನೋಡುತ್ತಾ ಕೂತಿದ್ದ ನನಗೆ ನನ್ನದೇ ಒಂದು ದಿನ ನೆನಪಾಗಿ ಕೈಕಾಲು ತಣ್ಣಗಾಯಿತು. 1996ರಲ್ಲಿ ನಮ್ಮ ಲಾಂಡ್ರಿ ಗೋಡೆಯನ್ನು ನಾನೇ ಒಡೆದಿದ್ದೆ. ಬಾಯಿಗೆ ಒಂದು ಟವೆಲ್, ಕಾಲಿಗೆ ಹವಾಯಿ ಚಪ್ಪಲಿ. ಬಟ್ಟೆ ತುಂಬ ಬಿಳೀ ಧೂಳು. ಆ ಬಟ್ಟೆಯನ್ನು ನಿನ್ನ ದೊಡ್ಡಮ್ಮ ಕೊಡವಿ ಒಗೆದಳು. ಕಾರ್ಖಾನೆಗೆ ಕಾಲೇ ಇಡದ ಹೆಂಗಸರು ಗಂಡನ ಬಟ್ಟೆ ಒಗೆದೇ ಈ ಕಾಯಿಲೆಗೆ ಬಿದ್ದಿದ್ದಾರೆ ಅಂತ ಆಮೇಲೆ ಓದಿದೆ. ಇವತ್ತಿನವರೆಗೆ ಇಬ್ಬರೂ ಚೆನ್ನಾಗಿದ್ದೇವೆ. ಆದರೂ ಅವಳು ಕೆಮ್ಮಿದಾಗಲೆಲ್ಲ ನಾನು ತಲೆ ಎತ್ತಿ ನೋಡುತ್ತೇನೆ. ನಿನ್ನ ಮನೆಯಲ್ಲಿ ಎರಡು ವರ್ಷದ ಮಗು ಇದೆ.

ಸರಿ, ಏನು ಮಾಡಬೇಕು ಹೇಳುತ್ತೇನೆ.

ಮೊದಲು ಟೆಸ್ಟ್ ಮಾಡಿಸು. ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ, ಯಾವ ಬಿಲ್ಡರ್ "ಇದು ಮಾಮೂಲಿ ಶೀಟ್, ಮೇಟ್" ಅಂದರೂ ನಂಬಬೇಡ. ತಿಳಿದವರು ಬಂದು ಚೂರು ತೆಗೆದುಕೊಂಡು ಲ್ಯಾಬುಗಳನ್ನು ಪರಿಶೀಲಿಸುವ ನ್ಯಾಟಾ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಲಿ. ಬಾತ್ರೂಮ್ ಟೈಲ್ಸ್ ಹಿಂದಿನ ಶೀಟ್, ಸೂರಿನ ಕೆಳಗಿನ ಶೀಟ್, ಕರೆಂಟ್ ಮೀಟರಿನ ಕಪ್ಪು ಹಲಗೆ, ಅಡುಗೆಮನೆಯ ಹಳೇ ವಿನೈಲ್ ನೆಲ, ಎಲ್ಲವನ್ನೂ ತೋರಿಸು. ವಿನೈಲ್ ಕೆಳಗೆ ಕೆಲವೊಮ್ಮೆ ರಟ್ಟಿನಂಥ ಒಂದು ಪದರ ಅಂಟಿರುತ್ತದೆ. ಅದರಲ್ಲಿ ಅಸ್ಬೆಸ್ಟಾಸ್ ಇದ್ದರೆ ಶೀಟಿಗಿಂತ ಜಾಸ್ತಿ ಅಪಾಯ, ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತದೆ.

ಅಸ್ಬೆಸ್ಟಾಸ್ ತೆಗೆಯುವವರ ಲೈಸೆನ್ಸ್ ಎರಡು ಥರ. ಗಟ್ಟಿ ಶೀಟ್ ತೆಗೆಯಲು ಕ್ಲಾಸ್ ಬಿ ಸಾಕು. ಪುಡಿಯಾಗುವಂಥದ್ದು ಒಂದು ಹಿಡಿ ಇದ್ದರೂ ಕ್ಲಾಸ್ ಎ ಬೇಕು. 10 ಚದರ ಮೀಟರ್ ಒಳಗಿನ ಗಟ್ಟಿ ಶೀಟನ್ನು ಲೈಸೆನ್ಸ್ ಇಲ್ಲದೆಯೂ ತೆಗೆಯಬಹುದು ಅಂತ ಕಾನೂನು ಬಿಟ್ಟಿದೆ, ನಿನ್ನ ಫ್ರೆಂಡ್ ಅದನ್ನೇ ಹಿಡಿದುಕೊಂಡಿರಬೇಕು. ಲೆಕ್ಕ ಹಾಕು. ಎರಡು ಮೀಟರಿಗೆ ಎರಡೂವರೆ ಮೀಟರಿನ ಬಾತ್ರೂಮ್ ಅಂದರೂ ನಾಲ್ಕು ಗೋಡೆ ಸೇರಿ 20 ಚದರ ಮೀಟರ್ ದಾಟುತ್ತದೆ. ಚಾವಣಿ ಬೇರೆ.

ಯಾರನ್ನೇ ಕರೆದರೂ ಲೈಸೆನ್ಸ್ ನಂಬರ್ ಕೇಳಿ, ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಇಲಾಖೆಯಾದ ಸೇಫ್‌ವರ್ಕ್ ಎನ್‌ಎಸ್‌ಡಬ್ಲ್ಯೂನಲ್ಲಿ ನೀನೇ ಪರೀಕ್ಷೆ ಮಾಡು. ಅವರಿಗೆ ಇನ್ಶೂರೆನ್ಸ್ ಇದೆಯಾ ಅಂತಲ್ಲ, ಆ ಇನ್ಶೂರೆನ್ಸಿನಲ್ಲಿ ಅಸ್ಬೆಸ್ಟಾಸ್ ಸೇರಿದೆಯಾ ಅಂತ ಕೇಳು. ಎಷ್ಟೋ ಪಾಲಿಸಿಗಳಲ್ಲಿ ಅದೊಂದನ್ನೇ ಬಿಟ್ಟಿರುತ್ತಾರೆ. ಮತ್ತೆ ನನಗೆ ತಡವಾಗಿ ಗೊತ್ತಾದ ಒಂದು ವಿಷಯ: ಲೈಸೆನ್ಸ್ ಇರುವವನು ಕೆಲಸ ಶುರು ಮಾಡುವ 5 ದಿನ ಮುಂಚೆ ಸೇಫ್‌ವರ್ಕ್‌ಗೆ ತಿಳಿಸಬೇಕು. ಹಾಗಾಗಿ "ನಾಳೆ ಬೆಳಿಗ್ಗೆ ಬಂದು ತೆಗೀತೀನಿ, ಕ್ಯಾಶ್ ಕೊಟ್ಟರೆ ಕಡಿಮೆ" ಅಂತ ಯಾರಾದರೂ ಅಂದರೆ ಅಲ್ಲಿಗೇ ಫೋನ್ ಇಡು.

ಇದು ನಾನು ದುಡ್ಡು ಕೊಟ್ಟು ಕಲಿತದ್ದು. 2009ರಲ್ಲಿ ಸೂರಿನ ಶೀಟ್ ತೆಗೆಸಲು ಮೂರು ಕೊಟೇಶನ್ ತಗೊಂಡು ಕಡಿಮೆಯವನಿಗೆ ಕೊಟ್ಟೆ. ಲೈಸೆನ್ಸ್ ಇದೆ ಅಂದ, ನಾನು ನೋಡಲಿಲ್ಲ. ಶೀಟುಗಳನ್ನು ಏಣಿ ಮೇಲಿಂದ ಹಾಗೇ ಕೆಳಕ್ಕೆ ಬಿಸಾಕಿದ. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು, ಭಲೇ ಅಂದುಕೊಂಡೆ. ಮಳೆ ಬಂದ ಮೇಲೆ ನೋಡಿದರೆ ಕರಿಬೇವಿನ ಗಿಡದ ಬುಡದಲ್ಲಿ ಚೂರುಗಳು. ಲ್ಯಾಬಿನಲ್ಲಿ ಅಸ್ಬೆಸ್ಟಾಸ್ ಅಂತಲೇ ಬಂತು. ಇವನು ಫೋನ್ ಎತ್ತಲಿಲ್ಲ. ಇನ್ನೊಂದು ಕಂಪನಿಯವರು ಬಂದು ಮಣ್ಣನ್ನೇ ಕೆರೆದು ತುಂಬಿಕೊಂಡು ಹೋದರು, ಮೊದಲ ಮೂರು ಕೊಟೇಶನ್‌ನಲ್ಲಿ ಅತಿ ದುಬಾರಿಯದಕ್ಕಿಂತ ಜಾಸ್ತಿ ಖರ್ಚಾಯಿತು. ಆ ಕರಿಬೇವಿನ ಗಿಡವೂ ಹೋಯಿತು, ಆರು ವರ್ಷ ಸಾಕಿದ್ದಳು ನಿನ್ನ ದೊಡ್ಡಮ್ಮ, ಅದನ್ನು ಈಗಲೂ ಎತ್ತಿ ಆಡುತ್ತಾಳೆ.

ಸರಿಯಾದ ಕೆಲಸದವರು ನಿಧಾನವಾಗಿರುತ್ತಾರೆ. ಆ ಎರಡನೇ ಕಂಪನಿಯವರು ಮನೆಯ ಬೇರೆ ಕಡೆ ಉಳಿದಿದ್ದ ಶೀಟ್ ತೆಗೆಯುವಾಗ ದೂರದಿಂದ ನೋಡಿದೆ. ಪ್ಲಾಸ್ಟಿಕ್ ಹಾಸಿದರು, ಶೀಟ್ ಒದ್ದೆ ಮಾಡಿದರು, ಮೊಳೆ ಕಿತ್ತು ಇಡೀ ಶೀಟನ್ನು ಒಡೆಯದೆ ಕೈಯಿಂದ ಕೈಗೆ ಇಳಿಸಿದರು, ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ ಮೇಲೆ ಅಸ್ಬೆಸ್ಟಾಸ್ ಅಂತ ಬರೆದರು. ಮಿಷಿನ್ ಗರಗಸದ ಸದ್ದು ಕೇಳಿದರೆ ಹೋಗಿ ನಿಲ್ಲಿಸು. ಈಗ 100 ಕೆಜಿ ಅಥವಾ 10 ಚದರ ಮೀಟರಿಗಿಂತ ಜಾಸ್ತಿ ಇದ್ದರೆ ಆ ಕಸ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಪರಿಸರ ಇಲಾಖೆಗೆ ಲೆಕ್ಕ ಕೊಡಬೇಕು. ಅದನ್ನು ಸುರಿದ ಜಾಗದ ರಸೀದಿ ನಿನ್ನ ಕೈಗೆ ಬರಲಿ. ಬರದಿದ್ದರೆ ಅದು ಯಾವುದೋ ಕಾಡಿನ ರಸ್ತೆ ಪಕ್ಕ ಬಿದ್ದಿದೆ ಅಂತ ಇಟ್ಟುಕೋ.

ಅವರಿಗೆ ಕೊಡುವ ಕೊನೆಯ ಕಂತಿನ ದುಡ್ಡನ್ನು ಮಾತ್ರ ಕೊಡದೆ ಹಿಡಿದುಕೋ. ಕೆಲಸ ಆದ ಮೇಲೆ ಬೇರೆ ಯಾರಾದರೂ ಬಂದು ನೋಡಿ ಜಾಗ ಶುದ್ಧವಾಗಿದೆ ಅಂತ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡಬೇಕು. ತೆಗೆದವನೇ ಅಲ್ಲ, ಅವನ ಭಾವಮೈದನೂ ಅಲ್ಲ, ನೀನು ಬೇರೆಯಾಗಿ ಗೊತ್ತು ಮಾಡಿದವರು. ಕ್ಲಾಸ್ ಎ ಕೆಲಸವಾದರೆ ಗಾಳಿಯನ್ನೂ ಅಳೆಯುತ್ತಾರೆ, ಒಂದು ಮಿಲಿಲೀಟರಿಗೆ 0.01 ಎಳೆಗಿಂತ ಕಡಿಮೆ ಬರಬೇಕು. ಆ ಕಾಗದ ಬರುವ ತನಕ ಮಗುವನ್ನು ಕರೆದುಕೊಂಡು ನಮ್ಮ ಮನೆಯಲ್ಲಿ ಇರಿ.

ಹಾಗಂತ ಎಲ್ಲವನ್ನೂ ಕೀಳಿಸಬೇಕಾಗಿಲ್ಲ. ಸೂರಿನ ಶೀಟ್ ಬಿರುಕಿಲ್ಲದೆ ಪೇಂಟ್ ಸರಿಯಾಗಿದ್ದರೆ ಅದರ ಪಾಡಿಗೆ ಬಿಡು. ತೆಗೆಯುವವರನ್ನು ಕೇಳಿದರೆ ತೆಗಿ ಅಂತಲೇ ಹೇಳುತ್ತಾರೆ, ಅದಕ್ಕೇ ಟೆಸ್ಟ್ ಮಾಡುವವರು ಬೇರೆ ಇರಲಿ.

ಖರ್ಚು ಜಾಸ್ತಿ ಅಂತ ಗೊತ್ತು, ಸಾಲದ ಕಂತು ಬೇರೆ ಶುರುವಾಗಿದೆ. ಹೊಸ ಟೈಲ್ಸ್ ಆರು ತಿಂಗಳು ತಡವಾದರೆ ಆಗಲಿ. ಕೈ ಕಡಿಮೆಯಾದರೆ ನನ್ನನ್ನು ಕೇಳು, ನಿಮ್ಮಪ್ಪನಿಗೆ ಹೇಳುವುದಿಲ್ಲ.

ಭಾನುವಾರ ಫ್ರೆಂಡ್ಸ್ ಬರಲಿ, ದೊಡ್ಡಮ್ಮ ಬಿಸಿಬೇಳೆಬಾತ್ ಮಾಡಿಕೊಂಡು ಬರುತ್ತಾಳೆ. ಹುಡುಗರಿಗೆ ಕೆಲಸ ಬೇಕೇ ಬೇಕು ಅಂದರೆ ಹಿತ್ತಲಿನ ಹುಲ್ಲು ಕೀಳಿಸು. ಬೇಲಿ ಕಡೆಗೆ ಮಾತ್ರ ಬಿಡಬೇಡ. ನೀನು ಕಳಿಸಿದ ಫೋಟೋದಲ್ಲಿ ನೋಡಿದೆ, ಆ ಅಲೆ ಅಲೆ ಬೂದು ಬೇಲಿಯೂ ನೋಡಲು ಅದೇ ಶೀಟಿನ ಹಾಗಿದೆ. ಅದರದ್ದೂ ಒಂದು ಚೂರು ಲ್ಯಾಬಿಗೆ ಹೋಗಲಿ.

ನಿನ್ನ ದೊಡ್ಡಪ್ಪ