ಶಕ್ತಿನಗರ ಮುಚ್ಚಿದರೆ ಎಂದು ಕೇಳಿದ್ದೀಯಲ್ಲ

ಕಾರ್ಗಲ್

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿ, ತೋಟದ ಕೊಳೆರೋಗ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ: "ಸೋಲಾರ್ ಇಷ್ಟು ಅಗ್ಗವಾದರೆ ಶಕ್ತಿನಗರ ಮುಚ್ಚುತ್ತಾರೆ ಮಾವ, ಆಮೇಲೆ ನಾನೇನು ಮಾಡಲಿ?" ಅದನ್ನು ಓದಿದಾಗಿನಿಂದ ಮನಸ್ಸು ಅಲ್ಲೇ ನಿಂತಿದೆ.

ನಿಮ್ಮ ಶಕ್ತಿನಗರದ ರಾಯಚೂರು ಥರ್ಮಲ್ ಸ್ಥಾವರಕ್ಕೆ ಬೀಗ ನಾಳೆಯೇ ಬೀಳುವುದಿಲ್ಲ ಮಾರಾಯ, ಲೆಕ್ಕ ಹಾಗಿದೆ. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ಸೋಲಾರ್ ಯೂನಿಟ್ಟಿಗೆ 1.99 ರೂಪಾಯಿಗೆ ಇಳಿದದ್ದು ನಿಜ. ಆದರೆ ಆ ಕರೆಂಟು ಹೊತ್ತು ಮುಳುಗಿದರೆ ಇಲ್ಲ. ಊರವರು ದೀಪ, ಟಿವಿ ಹಾಕುವುದೇ ಆಮೇಲೆ. ಕಲ್ಲಿದ್ದಲಿನ ಥರ್ಮಲ್ಲಿಗೆ ಕೊಡುವ ದರದಲ್ಲಿ ಎರಡು ಭಾಗ. ಘಟಕ ಸಿದ್ಧವಾಗಿ ನಿಂತಿದ್ದಕ್ಕೆ ಸ್ಥಿರ ವೆಚ್ಚ, ಕಲ್ಲಿದ್ದಲು ಸುಟ್ಟಿದ್ದಕ್ಕೆ ಚರ ವೆಚ್ಚ. ಹಗಲು ಓಡಿಸದಿದ್ದರೂ ಕರೆಂಟು ಹಂಚುವ ಎಸ್ಕಾಂಗಳು ಮೊದಲಿನದನ್ನು ಕೊಡಬೇಕು. ಪಾವಗಡದ ಸೋಲಾರ್ ಪಾರ್ಕಿನ 2050 ಮೆಗಾವಾಟ್ ಬಂದ ಮೇಲೂ ನಿಮ್ಮ 1720 ಮೆಗಾವಾಟ್ ಉಳಿದದ್ದು ಸಂಜೆಯ ಬೇಡಿಕೆಯಿಂದ.

ಹಾಗಂತ ನಿನ್ನ ಹೆದರಿಕೆ ಸುಳ್ಳು ಅನ್ನಲಾರೆ. ಕರೆಂಟು ಕೊಳ್ಳುವ ಸರದಿಯಲ್ಲಿ ಅಗ್ಗದ್ದು ಮೊದಲು. ರಾಯಚೂರಿಗೆ ಕಲ್ಲಿದ್ದಲು ಹೊರರಾಜ್ಯದಿಂದ ರೈಲಿನಲ್ಲಿ ಬರಬೇಕು, ಯೂನಿಟ್ಟಿಗೆ ಮುಕ್ಕಾಲು ಕಿಲೋ ಹತ್ತಿರ ಬೇಕು. ಹಾಗಾಗಿ ಘಟಕ ಹಗಲು ತಗ್ಗಬೇಕು, ಸಂಜೆ ಏರಬೇಕು. ಘಟಕ ತಗ್ಗಬಹುದಾದ ಕನಿಷ್ಠ ಲೋಡ್ ಮೊದಲು ಸಾಮರ್ಥ್ಯದ ಶೇ 55 ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರ ನಿಯಮದಲ್ಲಿ ಶೇ 40 ಮಾಡಿತು. ಅಂದರೆ 210ರ ಘಟಕ 84 ಮೆಗಾವಾಟಿನಲ್ಲಿ ಹಿಡಿದು ನಿಲ್ಲಬೇಕು. ಅಷ್ಟು ಕೆಳಗೆ ಬೆಂಕಿ ಸ್ಥಿರವಾಗಿ ಉರಿಯದು, ಜೊತೆಗೆ ಎಣ್ಣೆ ಉರಿಸಿ ಆಯಿಲ್ ಸಪೋರ್ಟ್ ಕೊಡಬೇಕಾಗುತ್ತದೆ, ಎಣ್ಣೆಯ ಖರ್ಚು ಕೈ ಕಚ್ಚುತ್ತದೆ. ದಿನಾ ಕಾದು ತಣಿದು ಬಾಯ್ಲರಿನ ಟ್ಯೂಬುಗಳೆಲ್ಲ ಸೇರುವ ದಪ್ಪ ಹೆಡರುಗಳಲ್ಲಿ, ಟ್ಯೂಬು ಬೆಸೆದ ಜಾಗದಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಆಮೇಲೆ ಟ್ಯೂಬ್ ಲೀಕ್. ಅದನ್ನು ಸೋರುವ ಮೊದಲೇ ಹಿಡಿಯಬಲ್ಲ ಬಾಯ್ಲರ್ ಮೇಂಟೆನೆನ್ಸ್ ಹುಡುಗನನ್ನು ಅಷ್ಟು ಬೇಗ ಯಾರೂ ಬಿಡುವುದಿಲ್ಲ.

"ನಾನೇನು ಮಾಡಲಿ" ಅಂತ ಕೇಳಿದ್ದೀಯ. ಕೋಲ್ ಹ್ಯಾಂಡ್ಲಿಂಗಿನಲ್ಲಿ, ಬೂದಿ ಸಾಗಣೆಯಲ್ಲಿ ಇರುವ ಗುತ್ತಿಗೆಯವರು ಏನು ಮಾಡಬೇಕು? ನನಗೆ ನಿಜವಾಗಿ ಹೆದರಿಕೆ ಅಲ್ಲಿದೆ. ನಮ್ಮಲ್ಲೇ ನೋಡು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಯಿತು, ಶರಾವತಿಯ 1035 ಮೆಗಾವಾಟ್ ರಾಜ್ಯವನ್ನೆಲ್ಲ ಬೆಳಗಿತು, ಮುಳುಗಡೆಯವರಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರವಿಲ್ಲ. ಎದ್ದು ಹೋಗುವವರ ಲೆಕ್ಕವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಲಿಲ್ಲವಲ್ಲ ಎಂಬ ಕೊರಗು ನಮ್ಮ ತಲೆಮಾರಿಗೆ ಹೋಗದು. ಜರ್ಮನಿ 2038ರೊಳಗೆ ಕಲ್ಲಿದ್ದಲು ಬಿಡುತ್ತೇವೆಂದು 2020ರಲ್ಲಿ ಕಾನೂನು ಮಾಡಿದಾಗ, ಕಲ್ಲಿದ್ದಲಿನ ಸೀಮೆಗಳಿಗೆಂದು 40 ಶತಕೋಟಿ ಯೂರೋವರೆಗೆ ಎತ್ತಿಟ್ಟಿತು. ಪಂಜಾಬಿನ ಬಟಿಂಡಾದ ಥರ್ಮಲ್ 2018ರ ಹೊಸ ವರ್ಷಕ್ಕೆ ನಿಂತಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿಯಬೇಕಾಯಿತು.

ಇಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಮಾತಿದೆ. ಹಗಲಿನ ಸೋಲಾರಿನಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ ಸಂಜೆ ಇಳಿಸುವುದು. ನಾಲ್ಕು ಯೂನಿಟ್ ಹಾಕಿದರೆ ಸುಮಾರು ಮೂರು ವಾಪಸ್. ನೀನು ಊರಿಗೇ ಬರಬಹುದೆಂದು ನಿನ್ನ ಅತ್ತೆಗೆ ಆಸೆ. ಆದರೆ ಆ ಯೋಜನೆಯ ಜಾಗ ಸಿಂಗಳೀಕದ ಅಭಯಾರಣ್ಯ. ಅದನ್ನು ಅಗೆದು ನಿನಗೆ ಸಂಬಳ ಬರುವುದು ನನಗೆ ಬೇಡ. ಹೇಳಬಾರದಿತ್ತೇನೋ, ಆದರೆ ಹೇಳಿದ್ದೇನೆ.

ಬುದ್ಧಿ ಹೇಳುವಷ್ಟು ದೊಡ್ಡದೇನೂ ನನ್ನಲ್ಲಿಲ್ಲ. ಬಾಯ್ಲರ್ ಆಪರೇಷನ್ ಎಂಜಿನಿಯರ್ ಪರೀಕ್ಷೆ ಬರೆದಿಲ್ಲದಿದ್ದರೆ ಬರೆ. ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡುವ ಸಕ್ಕರೆ ಕಾರ್ಖಾನೆಯ ಕೋಜೆನ್ನಿನಲ್ಲೂ ಆ ಸರ್ಟಿಫಿಕೇಟಿಗೆ ಬೆಲೆ ಇದೆ. ಶಕ್ತಿನಗರದಲ್ಲಿ ಸಾಲ ಮಾಡಿ ಮನೆ ಕಟ್ಟಿಸುವ ಯೋಚನೆ ಸದ್ಯ ಬಿಡು, ಘಟಕಗಳು ಕಡಿಮೆಯಾದರೆ ಅಲ್ಲಿ ಬಾಡಿಗೆಗೂ ಜನ ಸಿಗರು. ಇನ್ನೊಂದು, ತಪ್ಪು ತಿಳಿಯಬೇಡ: ಯಾವ ಘಟಕದ ನಿವೃತ್ತಿ ಯಾವ ವರ್ಷ, ಗುತ್ತಿಗೆಯವರ ಪಿ.ಎಫ್. ತಿಂಗಳು ತಿಂಗಳು ಕಟ್ಟುತ್ತಿದ್ದಾರೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಿನ್ನೊಬ್ಬನ ಹೆಸರಲ್ಲಿ ಬೇಡ, ಸಂಘದವರಲ್ಲಿ ಯಾರಾದರೂ ಹಾಕಲಿ. ಉತ್ತರ ಬಂದರೆ ಒಂದು ನಕಲು ನನಗೂ ಕಳಿಸು.

ಇತಿ,
ನಿನ್ನ ಮಾವ